ಬಸುರಿಯ ಎದೆಬಡಿತ ತಪ್ಪಿದರೆ ಏನು ಮಾಡಬೇಕು: ಹಾಸನದ ಹೆರಿಗೆ ವಾರ್ಡಿನಿಂದ ಒಂದಿಷ್ಟು ಮಾತು

ಅರಸೀಕೆರೆ ಕಡೆಯ ಒಬ್ಬ ಹುಡುಗ ಹೆಂಡತಿಯ ಇಸಿಜಿ ಚೀಟಿಯನ್ನು ಲ್ಯಾಮಿನೇಶನ್ ಮಾಡಿಸಿಕೊಂಡು ಬಂದಿದ್ದ. ಹಾಳಾಗಬಾರದು ಅಂತ. ಪಾಪ, ಅದನ್ನು ಪೇಪರಿನಲ್ಲಿ ಸುತ್ತಿ, ಮೇಲೊಂದು ಕವರ್ ಹಾಕಿ, ಅಂಗಿಯೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದ. ತೆಗೆದು ನೋಡಿದರೆ ಹಾಳೆ ಪೂರ್ತಿ ಕಪ್ಪು. ಇಸಿಜಿ ಕಾಗದ ಬಿಸಿ ತಾಗಿದರೆ ಕಪ್ಪಾಗುವ ಜಾತಿಯದ್ದು, ಅಂಗಡಿ ಬಿಲ್ಲಿನ ಕಾಗದದ ಹಾಗೆ. ಲ್ಯಾಮಿನೇಶನ್ ಮೆಷಿನ್ನಿನ ಬಿಸಿಗೆ ಗೆರೆ ಎಲ್ಲ ಹೋಗಿಬಿಟ್ಟಿತ್ತು. ಅದರಲ್ಲಿ ಇದ್ದದ್ದು ಆ ಹುಡುಗಿಯ ಎದೆಬಡಿತ ನಿಮಿಷಕ್ಕೆ 190 ಓಡುತ್ತಿದ್ದ ಹೊತ್ತಿನ ಗೆರೆ. ಮೂರು ತಿಂಗಳು ಎಲ್ಲರಿಂದಲೂ 'ಗ್ಯಾಸ್ಟ್ರಿಕ್ ಇರಬೇಕು' ಅನ್ನಿಸಿಕೊಂಡ ಮೇಲೆ ಸಿಕ್ಕಿದ್ದ ಒಂದೇ ಒಂದು ಸಾಕ್ಷಿ.

ನಾನು ಡಾಕ್ಟರ್ ಅಲ್ಲ. ಹೆರಿಗೆ ವಾರ್ಡಿನ ಸ್ಟಾಫ್ ನರ್ಸ್. ಹದಿನಾಲ್ಕು ವರ್ಷದಲ್ಲಿ ನೋಡಿದ್ದು, ದೊಡ್ಡ ಡಾಕ್ಟರ್‌ಗಳ ಪಕ್ಕ ನಿಂತು ಕೇಳಿಸಿಕೊಂಡದ್ದು, ಅದನ್ನೇ ಬರೆಯುತ್ತಿದ್ದೇನೆ. ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದು ನಿಮ್ಮ ಡಾಕ್ಟರ್ ಕೆಲಸ. ಆದರೆ ಡಾಕ್ಟರ್ ಮುಂದೆ ಕೂರುವ ಮೊದಲು ಮಾಡಬೇಕಾದ ಕೆಲಸ ಬೇಕಾದಷ್ಟಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಎದೆಬಡಿತದ ತೊಂದರೆ ಕಳ್ಳನ ಹಾಗೆ. ಬಂದು ಹೋಗುತ್ತದೆ. ನೀವು ಆಸ್ಪತ್ರೆ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಸರಿಹೋಗಿ, ಇಸಿಜಿ ನಾರ್ಮಲ್ ಬಂದು, ನೀವೇ ಸುಳ್ಳುಗಾರ್ತಿ ಆಗಿಬಿಡುತ್ತೀರಿ. ಹಾಗಾಗಿ ಅದನ್ನು ಹಿಡಿಯಬೇಕು, ಬರೆದಿಡಬೇಕು, ಹೆರಿಗೆಗೆ ಮೊದಲೇ ಎಲ್ಲರಿಗೂ ಹೇಳಿಟ್ಟಿರಬೇಕು.

ಇದು ಹೃದಯಾಘಾತ ಅಲ್ಲ

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ದಿನಾ ಟಿವಿಯಲ್ಲಿ ಬಂತಲ್ಲ, ಆಗ ಜನ ಹೆದರಿ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಆ ಹೆದರಿಕೆ ಬಸುರಿಯರಿಗೂ ಅಂಟಿಕೊಂಡಿತು. ಎದೆ ಒಂಚೂರು ಡವಡವ ಅಂದರೆ ಸಾಕು, 'ಸಿಸ್ಟರ್, ನನಗೂ ಅದೇನಾ' ಅಂತ ಕೇಳುತ್ತಿದ್ದರು.

ನಮ್ಮ ಕಡೆಯವರಿಗೆ ಪಂಪ್‌ಸೆಟ್ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥ ಆಗುತ್ತದೆ. ಪೈಪಿನಲ್ಲಿ ಕಸ ಕಟ್ಟಿಕೊಂಡು ನೀರು ನಿಂತರೆ ಅದು ಹೃದಯಾಘಾತ. ಸ್ಟಾರ್ಟರ್ ಕಡೆ ವೈರು ಗೊಂದಲ ಆಗಿ ಮೋಟರ್ ಸುಮ್‌ಸುಮ್ನೆ ಜೋರಾಗಿ ಓಡಿದರೆ, ಇಲ್ಲ ಬಿಟ್ಟು ಬಿಟ್ಟು ಓಡಿದರೆ, ಅದು ಬಡಿತದ ತೊಂದರೆ. ಮೋಟರೂ ಚೆನ್ನಾಗಿರಬಹುದು, ಪೈಪೂ ಚೆನ್ನಾಗಿರಬಹುದು, ಕರೆಂಟಿನ ದಾರಿ ಮಾತ್ರ ತಪ್ಪಿರುತ್ತದೆ. ಬಸುರಿನಲ್ಲಿ ಜಾಸ್ತಿ ಕಾಣುವುದು ಈ ಎರಡನೆಯದು. ಅದರಲ್ಲೂ ಹೆಚ್ಚಿನವು ಅಪಾಯ ಮಾಡುವುದಿಲ್ಲ.

ಬಸುರಾದಾಗ ಮೈಯಲ್ಲಿ ರಕ್ತ ನೂರಕ್ಕೆ 40–50 ಭಾಗ ಜಾಸ್ತಿ ಆಗುತ್ತದೆ. ಅಷ್ಟನ್ನೂ ಅದೇ ಎದೆ ತಳ್ಳಬೇಕು. ಹಾಗಾಗಿ ನಾಡಿ ಮಾಮೂಲಿಗಿಂತ ನಿಮಿಷಕ್ಕೆ 10ರಿಂದ 20 ಏರುತ್ತದೆ. ಮೊದಲು 75 ಇದ್ದವಳಿಗೆ ಏಳನೇ ತಿಂಗಳಲ್ಲಿ 92 ಬಂದರೆ ಗಾಬರಿ ಬೇಡ. ಮಧ್ಯೆ ಮಧ್ಯೆ ಒಂದು ಬಡಿತ ಬಿಟ್ಟುಹೋದ ಹಾಗೆ ಆಗಿ, ಮುಂದಿನದು 'ಧಡ್' ಅಂತ ಗಂಟಲ ತನಕ ಹೊಡೆಯುವುದೂ ತುಂಬಾ ಜನರಿಗೆ ಆಗುತ್ತದೆ. ಎದೆ ಗಟ್ಟಿಯಾಗಿದ್ದರೆ ಅದಕ್ಕೆ ಮಾತ್ರೆಯೂ ಬೇಡ. ಒಂದು ಸಲ ತೋರಿಸಿ, ಏನಿಲ್ಲ ಅನ್ನಿಸಿಕೊಂಡು ಬನ್ನಿ, ಸಾಕು.

ಕಾಯಬಾರದ ಲಕ್ಷಣ ಬೇರೆ ಇವೆ. ಎದೆ ಓಡುತ್ತಾ ಕಣ್ಣು ಕತ್ತಲೆ ಬಂದು ಬಿದ್ದುಬಿಡುವುದು. ಎದೆನೋವು. ಕೂತಲ್ಲೇ ಏದುಸಿರು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು. ಸುಮ್ನೆ ಕೂತಿದ್ದರೂ ನಾಡಿ 120 ದಾಟಿ ಹತ್ತು ಹದಿನೈದು ನಿಮಿಷ ಇಳಿಯದೇ ಇರುವುದು. ಬಾಯಿ ಸೊಟ್ಟ, ಮಾತು ತೊದಲು, ಒಂದು ಕೈ ಸೋತುಹೋಗುವುದು. ಇದರಲ್ಲಿ ಒಂದೇ ಒಂದು ಇದ್ದರೂ 108ಕ್ಕೆ ಫೋನ್ ಮಾಡಿ. ನಾಳೆ ಬೆಳಿಗ್ಗೆ ನೋಡೋಣ ಅನ್ನಬೇಡಿ. ಇನ್ನೊಂದು ಪ್ರಶ್ನೆಗೆ ಮನೆಯವರು ಯೋಚಿಸಿ ಉತ್ತರ ಹೇಳಬೇಕು: ತವರಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ಸತ್ತಿದ್ದಾರಾ? ಈಜಲು ಹೋಗಿ, ಓಡುವಾಗ, ನಿದ್ದೆಯಲ್ಲಿ? 'ಗಾಳಿ ಸೋಕಿ ಹೋದ' ಅಂತ ಮನೆಯಲ್ಲಿ ಹೇಳುವ ಮಾಮನ ಕತೆಯೂ ಡಾಕ್ಟರ್‌ಗೆ ಬೇಕು.

ನಾಡಿ ಎಣಿಸುವುದು ಕಲಿಯಿರಿ

ಹೆಬ್ಬೆರಳಿನ ಬುಡದಿಂದ ಕೆಳಗೆ, ಮಣಿಕಟ್ಟಿನ ಹತ್ತಿರ, ಎರಡು ಬೆರಳು ಇಡಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೇ ಒಂದು ಬಡಿತ ಇರುತ್ತದೆ, ಲೆಕ್ಕ ತಪ್ಪುತ್ತದೆ. ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟು ಎಣಿಸಿ, ಎರಡರಿಂದ ಗುಣಿಸಿ. ಬಡಿತ ಒಂದೇ ಸಮ ಇಲ್ಲ ಅನ್ನಿಸಿದರೆ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸಲೂ ಆಗದಷ್ಟು ಜೋರಾಗಿದ್ದರೆ 'ಎಣಿಸಲು ಆಗಲಿಲ್ಲ' ಅಂತಲೇ ಬರೆಯಿರಿ, ಅದೂ ಒಂದು ಮಾಹಿತಿ. ಕೊರೊನಾ ಕಾಲದಲ್ಲಿ ತಂದ ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯ ಯಾವುದಾದರೂ ಡ್ರಾಯರಿನಲ್ಲಿ ಇದ್ದೇ ಇರುತ್ತದೆ, ಸೆಲ್ ಬದಲಾಯಿಸಿ ಬಳಸಿ. ಆದರೆ ಬಡಿತ ಅಡ್ಡಾದಿಡ್ಡಿ ಇದ್ದಾಗ ಅದರ ನಂಬರ್ ತಪ್ಪಾಗಬಹುದು. ಪರದೆಯನ್ನು ವಿಡಿಯೋ ಮಾಡಿಡಿ.

ಆಮೇಲೆ ಒಂದು ಇಪ್ಪತ್ತು ರೂಪಾಯಿ ನೋಟ್‌ಬುಕ್. ತಾರೀಖು, ಗಂಟೆ, ಏನು ಮಾಡುತ್ತಿದ್ದಿರಿ, ನಾಡಿ ಎಷ್ಟು, ಎಷ್ಟು ಹೊತ್ತು ಇತ್ತು. ಎಲ್ಲಕ್ಕಿಂತ ಮುಖ್ಯ, ಹೇಗೆ ಶುರುವಾಯಿತು ಮತ್ತು ಹೇಗೆ ನಿಂತಿತು. ಸ್ವಿಚ್ ಹಾಕಿದ ಹಾಗೆ ಟಕ್ ಅಂತ ಶುರುವಾಗಿ, ಸ್ವಿಚ್ ಆರಿಸಿದ ಹಾಗೆ ಟಕ್ ಅಂತ ನಿಂತರೆ ಡಾಕ್ಟರ್ ಕಿವಿ ನೆಟ್ಟಗಾಗುತ್ತದೆ. ಅದು ಎಸ್‌ವಿಟಿ ಇರಬಹುದು. ಎದೆಯ ಮೇಲಿನ ಕೋಣೆಗಳ ಕಡೆ ಕರೆಂಟ್ ಒಂದೇ ಜಾಗದಲ್ಲಿ ಗಿರಗಿರ ಸುತ್ತುವುದು. ಬಸುರಿನಲ್ಲಿ ತುಂಬ ಹೊತ್ತು ಬಿಡದೆ ಓಡುವ ಬಡಿತಗಳಲ್ಲಿ ಜಾಸ್ತಿ ಕಾಣುವುದು ಇದೇ. ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿದರೆ ಸಾಮಾನ್ಯವಾಗಿ ಜ್ವರ, ನೀರು ಕಡಿಮೆ, ರಕ್ತ ಕಡಿಮೆ, ಭಯ, ಇಂಥ ಕಾರಣ ಇರುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ತಾಳ ತಪ್ಪಿದ ಬಡಿತ ಇದ್ದರೆ ಅದು ಬೇರೆಯೇ ಜಾತಿ, ಅದರ ಮಾತು ಮುಂದೆ ಬರುತ್ತದೆ.

ಎದೆ ಓಡುತ್ತಿರುವಾಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸುವುದು ಎಲ್ಲಕ್ಕಿಂತ ಒಳ್ಳೆಯದು. ದೊಡ್ಡ ಆಸ್ಪತ್ರೆಯೇ ಆಗಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯ ಚೀಟಿ ಸಾಕು. ಒಳಗೆ ಹೋಗಿ ಸುಮ್ನೆ ಬೆಂಚಿನ ಮೇಲೆ ಕೂರಬೇಡಿ. 'ಈಗ ಎದೆ ಓಡುತ್ತಿದೆ, ನಿಲ್ಲುವ ಮೊದಲು ಇಸಿಜಿ ತೆಗೆಯಿರಿ' ಅಂತ ಬಾಯಿಬಿಟ್ಟು ಹೇಳಿ. ಚೀಟಿ ಕೈಗೆ ಬಂದ ತಕ್ಷಣ ಮೊಬೈಲಿನಲ್ಲಿ ಫೋಟೋ ತೆಗೆದು ಗಂಡನಿಗೂ ಅಮ್ಮನಿಗೂ ಕಳಿಸಿಬಿಡಿ. ಜೆರಾಕ್ಸ್ ಮಾಡಿಸಿ. ಆ ಕಾಗದದ ಗೆರೆ ತಾನಾಗೇ ಮಾಸುತ್ತಾ ಹೋಗುತ್ತದೆ. ಲ್ಯಾಮಿನೇಶನ್ ಮಾತ್ರ ಬೇಡ!

ಇಸಿಜಿ, ಎಕೋ, 24 ಗಂಟೆ ಎದೆಗೆ ಕಟ್ಟಿಕೊಂಡು ಓಡಾಡುವ ಹೋಲ್ಟರ್, ಇವು ಯಾವುದರಿಂದಲೂ ಮಗುವಿಗೆ ಏನೂ ಆಗುವುದಿಲ್ಲ. ಎಕೋ ಅಂದರೆ ಹೊಟ್ಟೆಗೆ ಮಾಡುವ ಸ್ಕ್ಯಾನಿಂಗ್ ತರವೇ, ಜಾಗ ಬೇರೆ ಅಷ್ಟೇ.

ಮೊದಲು ಸುಲಭದ ಕಾರಣ ಹುಡುಕಿ

ರಕ್ತದಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಬಸುರಿಗೆ ರಕ್ತಹೀನತೆ ಅನ್ನುತ್ತಾರೆ. 7, 8 ಇಟ್ಟುಕೊಂಡು ಓಡಾಡುವವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ಅವರ ಎದೆ ಓಡದೇ ಇನ್ನೇನು ಮಾಡುತ್ತದೆ? ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ, ಇವರು ಅದನ್ನು ಕಾಫಿ ಕುಡಿದ ಬಾಯಿಗೇ ನುಂಗಿರುತ್ತಾರೆ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲವೂ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತವೆ. ಒಂದೆರಡು ಗಂಟೆ ಅಂತರ ಇರಲಿ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಚೆನ್ನ.

ಕಾಫಿ ಮಾತು ಬಂತಲ್ಲ. ಕಾಫಿ ಸೀಮೆಯವರಿಗೆ ಕಾಫಿ ಬಿಡಿ ಅಂದರೆ ನನ್ನನ್ನೇ ವಾರ್ಡಿನಿಂದ ಓಡಿಸುತ್ತಾರೆ. ಪೂರ್ತಿ ಬಿಡಬೇಕಿಲ್ಲ. ಬಸುರಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗೆ ಇರಲಿ ಅನ್ನುತ್ತಾರೆ. ಮನೆ ಲೆಕ್ಕದಲ್ಲಿ ಎರಡು ಸಣ್ಣ ಲೋಟ ಇಟ್ಟುಕೊಳ್ಳಿ. ಆದರೆ ಕುಡಿದ ಅರ್ಧ ಗಂಟೆಗೆ ಎದೆ ಓಡುತ್ತದೆ ಅಂತ ನಿಮ್ಮ ನೋಟ್‌ಬುಕ್ಕೇ ಹೇಳಿದರೆ ಆ ಎರಡು ಲೋಟವೂ ಬೇಡ.

ಇನ್ನು ಥೈರಾಯ್ಡ್ ನೋಡಿಸಿ. ಮೊದಲ ತಿಂಗಳುಗಳಲ್ಲಿ ವಾಂತಿ ಜಾಸ್ತಿ ಆಗಿ ಮೈಯಲ್ಲಿ ನೀರು, ಪೊಟ್ಯಾಸಿಯಂ ಕಡಿಮೆ ಆದರೂ ಬಡಿತ ತಪ್ಪುತ್ತದೆ. ಶೀತಕ್ಕೆ ಮೆಡಿಕಲ್ ಸ್ಟೋರಿನಿಂದ ತಂದ ಮೂಗು ಕಟ್ಟು ಬಿಡಿಸುವ ಮಾತ್ರೆ, ಸಿರಪ್ಪು, ಉಬ್ಬಸದ ಪಂಪು, ಬೇಗ ನೋವು ಬಂದರೆ ನಿಲ್ಲಿಸಲು ಕೊಡುವ ಐಸಾಕ್ಸುಪ್ರಿನ್, ಟರ್ಬ್ಯುಟಲಿನ್ ತರದ ಔಷಧಿ, ಇವೆಲ್ಲ ಎದೆ ಓಡಿಸುವಂಥವು. ಉಬ್ಬಸ ಇದ್ದವರು ಹೆದರಿ ಪಂಪ್ ಬಿಡಬೇಡಿ, ಉಸಿರು ಮುಖ್ಯ. ಎದೆ ಓಡುತ್ತದೆ ಅಂತ ಡಾಕ್ಟರ್‌ಗೆ ಹೇಳಿ, ಅಷ್ಟು ಸಾಕು.

ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದು, 21 ದಿನಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್ ತೆಗೆದುಕೊಂಡವರು ನಿಮ್ಮಲ್ಲಿ ಇದ್ದೀರಾ? ನಾನು ಹೆದರುವುದು ನಿಮ್ಮ ಬಗ್ಗೆ. ಆ ಜ್ವರ ಎದೆಯ ಕವಾಟವನ್ನು ತಿಂದಿರಬಹುದು, ಮತ್ತೆ ಎಷ್ಟೋ ಜನರಿಗೆ ಅದು ಗೊತ್ತಾಗುವುದೇ ಬಸುರಾದಾಗ. ಕವಾಟ ಸಣ್ಣಗಾಗಿದ್ದಾಗ ಬಡಿತ ತಾಳ ತಪ್ಪಿ ಓಡಿದರೆ, ಅದನ್ನು ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತಾರೆ, ಶ್ವಾಸಕೋಶದಲ್ಲಿ ನೀರು ತುಂಬಿ ಗಂಟೆಗಳಲ್ಲೇ ಪರಿಸ್ಥಿತಿ ಕೆಡಬಹುದು, ಎದೆಯೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು. ತೋಟದಲ್ಲಿ ಏರು ಹತ್ತುವಾಗ ಮೊದಲಿಗಿಂತ ಜಾಸ್ತಿ ಏದುಸಿರು ಬಂದರೆ 'ಬಸುರಿ ಅಲ್ವಾ, ಹಾಗೇ' ಅಂತ ಬಿಡಬೇಡಿ, ಒಂದು ಎಕೋ ಮಾಡಿಸಿ. ಇಂಜೆಕ್ಷನ್ ಬಸುರಿನಲ್ಲೂ ನಿಲ್ಲಿಸಬಾರದು.

ಓಡಲು ಶುರುವಾದರೆ ಆ ಕ್ಷಣ ಏನು ಮಾಡಬೇಕು

ಮಾಡುತ್ತಿದ್ದ ಕೆಲಸ ಬಿಡಿ. ಒಲೆ ಹತ್ತಿರ ಇದ್ದರೆ ಈಚೆ ಬನ್ನಿ. ಐದು ತಿಂಗಳು ದಾಟಿದ್ದರೆ ಅಂಗಾತ ಮಲಗಬೇಡಿ, ಎಡ ಮಗ್ಗುಲಿಗೆ ಮಲಗಿ. ಅಂಗಾತ ಮಲಗಿದರೆ ಗರ್ಭದ ಭಾರ ಕೆಳಗಿನ ದೊಡ್ಡ ರಕ್ತನಾಳವನ್ನು ಒತ್ತಿ ಎದೆಗೆ ರಕ್ತ ಬರುವುದೇ ಕಡಿಮೆ ಆಗುತ್ತದೆ.

ಎಸ್‌ವಿಟಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರೆ ಮನೆಯಲ್ಲೇ ಮಾಡುವ ಒಂದು ಉಪಾಯ ಇದೆ. 10 ಎಂಎಲ್ ಸಿರಿಂಜ್, ಸೂಜಿ ಇಲ್ಲದ್ದು, ಅದರ ತುದಿಗೆ ಬಾಯಿ ಇಟ್ಟು ಒಳಗಿನ ದಂಡ ಸ್ವಲ್ಪ ಅಲ್ಲಾಡುವಷ್ಟು ಜೋರಾಗಿ 15 ಸೆಕೆಂಡ್ ಊದುವುದು. ಊದಿ ಮುಗಿದ ತಕ್ಷಣ ಒರಗಿ ಮಲಗಬೇಕು, ಮನೆಯವರು ಯಾರಾದರೂ ಕಾಲೆರಡನ್ನೂ ಮೇಲೆತ್ತಿ ಹಿಡಿಯಬೇಕು. ಹೊಟ್ಟೆ ದೊಡ್ಡದಿದ್ದರೆ ಬಲ ಸೊಂಟದ ಕೆಳಗೆ ದಿಂಬು ಇಟ್ಟು ಎಡಕ್ಕೆ ವಾಲಿಸಿ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಮುಖದ ಮೇಲೆ ಒತ್ತಿ ಉಸಿರು ಬಿಗಿ ಹಿಡಿಯುವುದೂ ಕೆಲವರಿಗೆ ಕೆಲಸ ಮಾಡುತ್ತದೆ. ಇದನ್ನು ಮೊದಲ ಸಲ ಆಸ್ಪತ್ರೆಯಲ್ಲಿ ಅವರ ಮುಂದೆಯೇ ಕಲಿಯಿರಿ. ಕತ್ತು ಒತ್ತುವುದು, ಕಣ್ಣುಗುಡ್ಡೆ ಒತ್ತುವುದು, ಯಾರು ಹೇಳಿದರೂ ಮಾಡಬೇಡಿ.

ಒಂದೆರಡು ಸಲ ಮಾಡಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಅಲ್ಲಿ ಅಡಿನೊಸಿನ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ಹೇಗೆ ಕೊಡುತ್ತಾರೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಗೊತ್ತಿಲ್ಲದೇ ಇದ್ದರೆ ಪಕ್ಕದಲ್ಲಿ ನಿಂತವರ ಪ್ರಾಣವೇ ಹೋಗುತ್ತದೆ. ಸಕಲೇಶಪುರ ಕಡೆಯ ಒಬ್ಬಳಿಗೆ ಏಳು ತಿಂಗಳು. ಅತ್ತೆ ದೃಷ್ಟಿ ತೆಗೆದು, ತಾಯತ ಕಟ್ಟಿಸಿ, ಆಮೇಲೆ ಕರೆದುಕೊಂಡು ಬಂದಿದ್ದರು. ಮಾನಿಟರಿನಲ್ಲಿ 196. ಮೊಣಕೈ ಹತ್ತಿರ ದಪ್ಪ ಸೂಜಿ ಹಾಕಿದೆ. ಡಾಕ್ಟರ್ 'ನೋಡಮ್ಮ, ಒಂದು ಹತ್ತು ಸೆಕೆಂಡ್ ಎದೆ ಮೇಲೆ ಒರಳುಕಲ್ಲು ಇಟ್ಟ ಹಾಗೆ ಆಗುತ್ತದೆ, ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ, ಹೋಗಲ್ಲ' ಅಂದರು. 6 ಮಿಲಿಗ್ರಾಂ ತಳ್ಳಿ, ಹಿಂದೆಯೇ ಸಲೈನ್ ಜೋರಾಗಿ ತಳ್ಳಿದೆವು. ಅವಳ ಮುಖ ಕೆಂಪಗಾಯಿತು, ನನ್ನ ಕೈ ಹಿಡಿದುಕೊಂಡಳು. ಮಾನಿಟರಿನ ಗೆರೆ ಚಪ್ಪಟೆ. ಒಂದು, ಎರಡು, ಮೂರು. ಗಂಡ ಗೋಡೆ ಹಿಡಿದುಕೊಂಡ. ಆಮೇಲೆ ಒಂದು ಬಡಿತ, ಇನ್ನೊಂದು, ಆಮೇಲೆ ನೆಟ್ಟಗೆ 88. 'ಅಯ್ಯೋ, ಹೋಯ್ತು ಸಿಸ್ಟರ್' ಅಂದಳು. ಏನು ಹೋಯಿತು ಅಂತ ನಮಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ, ಅವರು ಅಳಲು ಶುರು ಮಾಡಿದರು.

ಆ ಔಷಧಿ ರಕ್ತದಲ್ಲಿ ಕೆಲವೇ ಸೆಕೆಂಡ್ ಇರುತ್ತದೆ, ಮಗುವಿನ ತನಕ ಹೋಗಿ ತೊಂದರೆ ಮಾಡುವಷ್ಟು ಉಳಿಯುವುದೇ ಇಲ್ಲ. 6ಕ್ಕೆ ಬಗ್ಗದಿದ್ದರೆ 12 ಕೊಡುತ್ತಾರೆ. ಉಬ್ಬಸ ಇದ್ದರೆ ಮೊದಲೇ ಹೇಳಬೇಕು. ಬಿಪಿ ಬಿದ್ದು ಪ್ರಜ್ಞೆ ತಪ್ಪುವ ಹಾಗಿದ್ದರೆ ಎದೆಗೆ ಕರೆಂಟ್ ಶಾಕ್ ಕೊಡುತ್ತಾರೆ. 'ಹೊಟ್ಟೆಯಲ್ಲಿ ಮಗು ಇದೆ, ಶಾಕ್ ಬೇಡ' ಅಂತ ಕೈ ಅಡ್ಡ ಹಿಡಿದವರನ್ನು ನೋಡಿದ್ದೇನೆ. ದಯವಿಟ್ಟು ಹಿಡಿಯಬೇಡಿ. ಬಸುರಿನ ಯಾವ ತಿಂಗಳಲ್ಲಾದರೂ ಶಾಕ್ ಕೊಡಬಹುದು, ಗರ್ಭದ ತನಕ ಹೋಗುವ ಕರೆಂಟ್ ತೀರಾ ಕಡಿಮೆ. ತಾಯಿಯ ಬಿಪಿ ಬಿದ್ದೇ ಇದ್ದರೆ ಮಗುವಿಗೆ ಅದಕ್ಕಿಂತ ದೊಡ್ಡ ಅಪಾಯ. ಮಗುವಿನ ಬಡಿತವನ್ನೂ ಜೊತೆಗೇ ನೋಡುತ್ತಿರುತ್ತಾರೆ.

ಒಂದು ವೇಳೆ ಮನೆಯಲ್ಲೇ ಬಿದ್ದು, ಕರೆದರೆ ಓಗೊಡದೆ, ಉಸಿರೂ ಆಡದೇ ಇದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಇಡಿ, ಇನ್ನೊಬ್ಬರು ಎದೆ ಮಧ್ಯದ ಎಲುಬಿನ ಮೇಲೆ ಎರಡೂ ಕೈ ಒಂದರ ಮೇಲೊಂದು ಇಟ್ಟು ನಿಮಿಷಕ್ಕೆ 100ರಿಂದ 120ರಂತೆ ಆಳವಾಗಿ ಒತ್ತುತ್ತಾ ಇರಿ, ಮೂರನೆಯವರು ಇದ್ದರೆ ಹೊಟ್ಟೆಯನ್ನು ಅವಳ ಎಡಗಡೆಗೆ ತಳ್ಳಿ ಹಿಡಿದುಕೊಳ್ಳಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು.

ಮಾತ್ರೆ ಬಿಡಬೇಡಿ, ನೀವೇ ತರಲೂ ಬೇಡಿ

ಬಸುರು ಅಂತ ಗೊತ್ತಾದ ದಿನವೇ ಎದೆಯ ಮಾತ್ರೆ ಎಲ್ಲ ಬಿಟ್ಟುಬಿಡುವುದು ನಮ್ಮ ಹೆಣ್ಣುಮಕ್ಕಳ ಮೊದಲ ತಪ್ಪು. ಮಗುವಿಗೆ ಆಗಿಬರಲ್ಲ ಅಂತ ಪಕ್ಕದ ಮನೆಯವರು ಹೇಳಿರುತ್ತಾರೆ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಡಿಗಾಕ್ಸಿನ್ ಇವನ್ನು ಬೇಕಾದಾಗ ಬಸುರಿನಲ್ಲೂ ಕೊಡುತ್ತಾರೆ. ಅಟೆನೊಲಾಲ್ ಮಗುವಿನ ಬೆಳವಣಿಗೆ ಕಡಿಮೆ ಮಾಡಬಹುದು ಅಂತ ಬದಲಾಯಿಸುತ್ತಾರೆ. ಅಮಿಯೊಡರೋನ್ ಮಗುವಿನ ಥೈರಾಯ್ಡಿಗೆ ಪೆಟ್ಟು, ಹಾಗಾಗಿ ಬೇರೆ ದಾರಿ ಇಲ್ಲದಾಗ ಮಾತ್ರ. ಬೀಟಾ ಬ್ಲಾಕರ್ ಅನ್ನುವ, ಎದೆಬಡಿತ ನಿಧಾನ ಮಾಡುವ ಗುಂಪಿನ ಮಾತ್ರೆ (ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ತರದ್ದು) ತೆಗೆದುಕೊಳ್ಳುವವರಿಗೆ ಮಗುವಿನ ತೂಕ ನೋಡಲು ಒಂದೆರಡು ಸ್ಕ್ಯಾನ್ ಜಾಸ್ತಿ ಮಾಡಿಸುತ್ತಾರೆ, ದುಡ್ಡಿಗೆ ಅಂತ ತಿಳಿದುಕೊಳ್ಳಬೇಡಿ. ಚೀಟಿಯಲ್ಲಿ ಡಬ್ಲ್ಯುಪಿಡಬ್ಲ್ಯು ಅಂತ (ಎದೆಯಲ್ಲಿ ಹುಟ್ಟಿನಿಂದಲೇ ಕರೆಂಟಿಗೆ ಒಂದು ದಾರಿ ಜಾಸ್ತಿ ಇದೆ ಅಂತ ಅರ್ಥ) ಬರೆದಿದ್ದರೆ ಯಾವ ಆಸ್ಪತ್ರೆಗೆ ಹೋದರೂ ಅದನ್ನು ಮೊದಲು ತೋರಿಸಿ, ಕೆಲವು ಔಷಧಿ ಅವರಿಗೆ ಉಲ್ಟಾ ಹೊಡೆಯಬಹುದು.

ಕವಾಟ ಬದಲಾಯಿಸಿಕೊಂಡು ರಕ್ತ ತೆಳ್ಳಗೆ ಮಾಡುವ ಮಾತ್ರೆ ತೆಗೆದುಕೊಳ್ಳುವವರು ಬಸುರಾಗುವ ಮೊದಲೇ ಡಾಕ್ಟರ್ ಹತ್ತಿರ ಕೂರಬೇಕು. ವಾರ್ಫರಿನ್ ಜಾತಿಯ ಮಾತ್ರೆ 6ರಿಂದ 12ನೇ ವಾರದಲ್ಲಿ ಮಗುವಿಗೆ ತೊಂದರೆ ಮಾಡಬಹುದು, ಹಾಗಂತ ಸುಮ್ನೆ ಬಿಟ್ಟರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಎರಡರ ಮಧ್ಯೆ, ರಕ್ತ ತೆಳ್ಳಗೆ ಮಾಡುವ ಹೆಪಾರಿನ್ ಇಂಜೆಕ್ಷನ್ ಯಾವಾಗ, ಮಾತ್ರೆ ಯಾವಾಗ ಅಂತ ಅವರು ಲೆಕ್ಕ ಹಾಕಬೇಕು.

ಇನ್ನೊಂದು ಗುಂಪು, ಲಾಂಗ್ ಕ್ಯೂಟಿ ಇರುವವರು, ಅಂದರೆ ಪ್ರತಿ ಬಡಿತದ ಮೇಲೆ ಎದೆಯ ಕರೆಂಟ್ ಸುಧಾರಿಸಿಕೊಳ್ಳಲು ಮಾಮೂಲಿಗಿಂತ ಜಾಸ್ತಿ ಹೊತ್ತು ಹಿಡಿಯುವವರು. ಇವರಿಗೆ ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಡೊಂಪೆರಿಡೋನ್, ಕೆಮ್ಮಿಗೆ ಕೊಡುವ ಅಜಿತ್ರೊಮೈಸಿನ್, ಎಲ್ಲವೂ ಅಪಾಯದ ಪಟ್ಟಿಯಲ್ಲಿವೆ. ಯಾವ ಮಾತ್ರೆಯಾದರೂ ಬಾಯಿಗೆ ಹಾಕುವ ಮೊದಲು ಕೇಳಲೇಬೇಕು. ಪೇಸ್‌ಮೇಕರ್ ಇರುವವರು ಮಾತ್ರ ಅಷ್ಟು ಹೆದರಬೇಕಿಲ್ಲ, ಹೆರಿಗೆಗೆ ಮೊದಲು ಒಂದು ಸಲ ಅದನ್ನು ಚೆಕ್ ಮಾಡಿಸಿ, ಕಾರ್ಡ್ ಜೊತೆಗಿರಲಿ.

ಹೆರಿಗೆ ಎಲ್ಲಿ?

ಇಲ್ಲಿ ನಮ್ಮ ಸಂಪ್ರದಾಯ ಒಂದು ತಕರಾರು ತರುತ್ತದೆ. ಏಳು ತಿಂಗಳು ಗಂಡನ ಮನೆ ಊರಲ್ಲಿ ತೋರಿಸಿ, ಸೀಮಂತ ಮುಗಿಸಿ, ತವರಿಗೆ ಹೊರಡುತ್ತಾರೆ. ಫೈಲ್ ಮಾತ್ರ ಗಂಡನ ಮನೆ ಬೀರುವಿನಲ್ಲಿ! ಎಕೋ ರಿಪೋರ್ಟ್ ಮೂಡಿಗೆರೆಯಲ್ಲಿ, ಹೊಟ್ಟೆ ನೋವು ಚನ್ನರಾಯಪಟ್ಟಣದಲ್ಲಿ. ತವರಿಗೆ ಹೋಗುವುದು ಬೇಡ ಅನ್ನುವುದಿಲ್ಲ. ಹೋಗುವ ಮೊದಲು ಡಾಕ್ಟರ್ ಹತ್ತಿರ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ: ಯಾವ ಬಡಿತದ ತೊಂದರೆ, ಯಾವ ಮಾತ್ರೆ, ಎದೆ ಓಡಿದರೆ ಏನು ಕೊಡಬೇಕು, ಏನು ಕೊಡಬಾರದು. ಅದು ತಾಯಿ ಕಾರ್ಡಿನ ಒಳಗೇ ಇರಲಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ಅಪಾಯದ ಬಸುರು ಅಂತ ಗುರುತಿಸಿದರೆ ಕಾರ್ಡಿಗೆ ಕೆಂಪು ಸ್ಟಿಕರ್ ಅಂಟಿಸುತ್ತಾರೆ. ಕೆಲವರಿಗೆ ಅದು ಅವಮಾನ ಅನ್ನಿಸಿ ಕಿತ್ತುಹಾಕುತ್ತಾರಂತೆ. ಆ ಸ್ಟಿಕರ್ ನೋಡಿದ ತಕ್ಷಣ ನಾವು ಬೇರೆ ತರ ಓಡಾಡುತ್ತೇವೆ, ಅದಕ್ಕಾದರೂ ಇಟ್ಟುಕೊಳ್ಳಿ.

ಒಂದೆರಡು ಬಿಟ್ಟುಹೋದ ಬಡಿತ ಮಾತ್ರ, ಎಕೋ ನಾರ್ಮಲ್, ಇಂಥವರಿಗೆ ಮಾಮೂಲು ಹೆರಿಗೆ ಆಸ್ಪತ್ರೆ ಸಾಕು. ಪದೇ ಪದೇ ಎದೆ ಓಡುವವರು, ಕವಾಟದ ತೊಂದರೆ ಇರುವವರು, ಒಂದು ಸಲವಾದರೂ ಪ್ರಜ್ಞೆ ತಪ್ಪಿದವರು, ಹೆರಿಗೆ ಡಾಕ್ಟರ್ ಜೊತೆ ಫಿಸಿಶಿಯನ್ ಇಲ್ಲ ಹೃದ್ರೋಗ ಡಾಕ್ಟರ್, ಅರಿವಳಿಕೆ ಡಾಕ್ಟರ್, ಶಾಕ್ ಮೆಷಿನ್, ಮಕ್ಕಳ ಐಸಿಯು ಇರುವ ಕಡೆಯೇ ಹೆರಬೇಕು. ಹಾಸನದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲೂ ಜಿಲ್ಲಾ ಆಸ್ಪತ್ರೆಯ ಜೊತೆ ಮೆಡಿಕಲ್ ಕಾಲೇಜು ಬಂದಿದೆ. ನಿಮ್ಮ ಕೇಸು ಇಲ್ಲೇ ಆಗುತ್ತದಾ ಅಥವಾ ಮೈಸೂರು, ಬೆಂಗಳೂರು, ಮಣಿಪಾಲ ಕಡೆ ಹೋಗಬೇಕಾ ಅನ್ನುವುದನ್ನು ಏಳನೇ ತಿಂಗಳ ಒಳಗೆ ಕೇಳಿ ತೀರ್ಮಾನ ಮಾಡಿ. ನೋವು ಬಂದ ಮೇಲೆ ಹಾಸನದಿಂದ ಮೈಸೂರಿಗೆ 120 ಕಿಲೋಮೀಟರ್ ಆಂಬುಲೆನ್ಸಿನಲ್ಲಿ ಕುಲುಕಾಡುತ್ತಾ ಹೋಗುವುದು ಯಾರಿಗೂ ಬೇಡ.

ಮಲೆನಾಡಿನವರಿಗೆ ಬೇರೆಯೇ ಲೆಕ್ಕ. ಡೇಟು ಆಷಾಢ, ಶ್ರಾವಣದಲ್ಲಿ ಇದ್ದರೆ ಶಿರಾಡಿ, ಚಾರ್ಮಾಡಿ ಯಾವಾಗ ಬಂದ್ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಎಸ್ಟೇಟ್ ಒಳಗಿನ ಲೈನ್ ಮನೆಗೆ ಆಂಬುಲೆನ್ಸ್ ಬರುವುದಿರಲಿ, ಫೋನ್ ಸಿಗ್ನಲ್ಲೇ ಸಿಗುವುದಿಲ್ಲ. ಡೇಟಿಗೆ ಎರಡು ವಾರ ಮೊದಲೇ ಪೇಟೆಯ ನೆಂಟರ ಮನೆಗೆ ಬಂದು ಉಳಿಯಿರಿ. ನಾದಿನಿ ಮುಖ ಸಪ್ಪಗೆ ಮಾಡಿದರೂ ಪರವಾಗಿಲ್ಲ.

ಹೆರಿಗೆ ದಿನ

'ಎದೆ ತೊಂದರೆ ಅಂದಮೇಲೆ ಸಿಸೇರಿಯನ್ನೇ ಅಲ್ವಾ?' ಅಲ್ಲ. ಹೆಚ್ಚಿನವರಿಗೆ ಮಾಮೂಲು ಹೆರಿಗೆಯೇ ಒಳ್ಳೆಯದು, ರಕ್ತ ಕಡಿಮೆ ಹೋಗುತ್ತದೆ, ನಂಜು ಕಡಿಮೆ. ಮಗುವಿನ ಕಾರಣಕ್ಕೋ, ಹೆರಿಗೆಯ ಬೇರೆ ತೊಡಕಿಗೋ ಸಿಸೇರಿಯನ್ ಬೇಕಾಗಬಹುದು, ಅದು ಬೇರೆ ಮಾತು.

ಬೆಳಗಿನ ಮಾತ್ರೆಯ ಬಗ್ಗೆ ಕೇಳಿ. ಹೊಟ್ಟೆ ಖಾಲಿ ಇರಲಿ ಅಂದದ್ದನ್ನೇ ಹಿಡಿದುಕೊಂಡು ಎದೆಯ ಮಾತ್ರೆಯನ್ನೂ ಬಿಟ್ಟಿರುತ್ತಾರೆ, ಸಂಜೆಗೆ ಎದೆ ಓಡುತ್ತದೆ. ಒಂದು ಗುಟುಕು ನೀರಲ್ಲಿ ತೆಗೆದುಕೊಳ್ಳಲಾ ಅಂತ ಕೇಳಿದರೆ ಮುಗಿಯಿತು. ನೋವು ಜಾಸ್ತಿ ಆದಷ್ಟೂ ಎದೆ ಓಡುತ್ತದೆ, ಹಾಗಾಗಿ ನೋವು ಇಳಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇರುವ ಕಡೆ ಅದು ಸುಖಕ್ಕಲ್ಲ, ಚಿಕಿತ್ಸೆಯೇ. ಎಡ ಮಗ್ಗುಲಲ್ಲಿ ಮಲಗಿ. ಕೊನೆಗೆ ನೀವು ತುಂಬ ಹೊತ್ತು ತಿಣುಕುವುದು ಬೇಡ ಅಂತ, ಮಗುವಿನ ತಲೆಗೆ ಅಂಟಿಸಿ ಹೊರಗೆ ಎಳೆಯುವ ವ್ಯಾಕ್ಯೂಮ್ ಹಾಕಬಹುದು, ಮಗುವಿನ ತಲೆ ಮೇಲೆ ಒಂದು ಗುಬುಟು ಬರುತ್ತದೆ, ಒಂದೆರಡು ದಿನಕ್ಕೆ ಇಳಿಯುತ್ತದೆ. ಮಗು ಬಂದ ಮೇಲೆ ಗರ್ಭ ಬಿಗಿಯಲು ಕೊಡುವ ಆಕ್ಸಿಟೋಸಿನ್ ಅನ್ನು ಒಂದೇ ಸಲ ನರಕ್ಕೆ ತಳ್ಳಿದರೆ ಬಿಪಿ ಬಿದ್ದು ಎದೆ ಓಡುತ್ತದೆ, ನಿಧಾನ ಡ್ರಿಪ್‌ನಲ್ಲಿ ಕೊಡಬೇಕು. ಇದು ನಾವು ನೋಡಿಕೊಳ್ಳಬೇಕಾದ ವಿಷಯ, ಆದರೆ ನಮಗೆ ನಿಮ್ಮ ತೊಂದರೆ ಗೊತ್ತಿರಬೇಕು.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಶಿಫ್ಟ್ ಬದಲಾಗುವ ಹೊತ್ತು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಆಗಲೇ ಮಾತು ಕಳೆದುಹೋಗುವುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಲ ಹಾಗೆ ಹೇಳಲು ಮರೆತಿದ್ದೆ, ಮುಂದಿನ ಶಿಫ್ಟಿನವಳು ಅಂಗಾತ ಮಲಗಿಸಿ ಹೋಗಿದ್ದಳು. ಅಂದಿನಿಂದ ಕೇಸ್ ಶೀಟಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಯುತ್ತೇನೆ. ಆದರೂ ಹೊಸ ಸಿಸ್ಟರ್ ಬಂದಾಗಲೆಲ್ಲ ನಿಮ್ಮ ಜೊತೆ ಇರುವವರು ಒಂದು ಮಾತು ಹೇಳಲಿ, 'ಸಿಸ್ಟರ್, ಇವಳಿಗೆ ಎದೆಬಡಿತದ ತೊಂದರೆ ಇದೆ'. ಬೈದರೆ ಬೈಸಿಕೊಳ್ಳಿ.

ಬಾಣಂತನ

ಹೆರಿಗೆ ಆಯಿತು ಅಂದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಹೆರಿಗೆಯಾದ ಮೊದಲ ಒಂದೆರಡು ದಿನ, ಗರ್ಭದಲ್ಲಿ ಮತ್ತು ಕಾಲಲ್ಲಿ ನಿಂತಿದ್ದ ರಕ್ತವೆಲ್ಲ ಎದೆ ಕಡೆ ವಾಪಸ್ ಬರುತ್ತದೆ, ಕವಾಟದ ತೊಂದರೆ ಇರುವವರಿಗೆ ಆಗಲೇ ಕಷ್ಟ. ಮೂರನೇ ದಿನಕ್ಕೇ ಹಠ ಮಾಡಿ ಡಿಸ್ಚಾರ್ಜ್ ಕೇಳಬೇಡಿ. ತಾಯಿ ಬೀಟಾ ಬ್ಲಾಕರ್ ತೆಗೆದುಕೊಂಡಿದ್ದರೆ ಮಗುವಿನ ಸಕ್ಕರೆ, ನಾಡಿ ಎರಡನ್ನೂ ಒಂದೆರಡು ದಿನ ನೋಡುತ್ತಾರೆ.

ಮನೆಗೆ ಹೋದ ಮೇಲೆ ಅಜ್ಜಿಯರ ರಾಜ್ಯ. ಅಜ್ಜಿಯರ ಮೇಲೆ ನನಗೆ ಗೌರವ ಇದೆ, ಎರಡು ವಿಷಯದಲ್ಲಿ ಮಾತ್ರ ಜಗಳ. ಒಂದು, ಬಾಣಂತಿಗೆ ನೀರು ಕೊಡದಿರುವುದು. ಹೊಟ್ಟೆ ದಪ್ಪ ಆಗುತ್ತದೆ, ಮಗುವಿಗೆ ಶೀತ ಆಗುತ್ತದೆ ಅಂತ ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸುತ್ತಾರೆ. ಮೊಲೆಹಾಲು ಕೊಡುತ್ತಾ ನೀರಿಲ್ಲದೆ ಇದ್ದರೆ ಎದೆ ಓಡುವುದು ಗ್ಯಾರಂಟಿ. ಕಾಯಿಸಿ ಆರಿಸಿದ ನೀರಾದರೂ ಕೊಡಿ, ಬಾಯಾರಿದಾಗೆಲ್ಲ ಕೊಡಿ. (ನೀರು ಅಳೆದು ಕುಡಿಯಿರಿ ಅಂತ ಡಾಕ್ಟರೇ ಹೇಳಿರುವ ಕವಾಟದ ರೋಗಿಗಳು ಅವರ ಮಾತನ್ನೇ ಕೇಳಿ.) ಎರಡು, ಬಚ್ಚಲು. ಹಂಡೆ ತುಂಬ ಕೊತಕೊತ ಕುದಿವ ನೀರು, ಬಾಗಿಲು ಹಾಕಿ, ಆವಿ ತುಂಬಿ, ಬೆನ್ನಿಗೆ ಬಿಂದಿಗೆ ಬಿಂದಿಗೆ ಎರೆದು, ಆಮೇಲೆ ಎದ್ದು ನಿಲ್ಲು ಅನ್ನುವುದು. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿದಿರುತ್ತದೆ, ಮೇಲೆ ಬೀಟಾ ಬ್ಲಾಕರ್ ಬೇರೆ. ಬಚ್ಚಲ ಕಲ್ಲಿನ ಮೇಲೆ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದವಳನ್ನು ನೋಡಿದ್ದೇನೆ. ನೀರು ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಇರಲಿ, ಸ್ಟೂಲಿನ ಮೇಲೆ ಕೂರಿಸಿ, ಬಾಗಿಲು ಒಂಚೂರು ತೆರೆದಿರಲಿ, ನಿಧಾನಕ್ಕೆ ಏಳಿಸಿ. ಸಾಂಬ್ರಾಣಿ ಹೊಗೆ ಕೋಣೆ ತುಂಬ ಬೇಡ.

ಹಾಲು ಕಡಿಮೆ ಅಂತ ಡೊಂಪೆರಿಡೋನ್ ಮಾತ್ರೆ ತಂದುಕೊಡುವವರಿದ್ದಾರೆ, ಎದೆಬಡಿತದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ತೆಗೆದುಕೊಂಡು ಮಗುವಿಗೆ ಹಾಲು ಕೊಡಬಹುದು.

ಲಾಂಗ್ ಕ್ಯೂಟಿ ಇರುವವರಿಗೆ ಬಸುರಿಗಿಂತ ಹೆರಿಗೆಯಾದ ಮೇಲಿನ ಒಂಬತ್ತು ತಿಂಗಳೇ ಜಾಸ್ತಿ ಅಪಾಯ. ಅದರಲ್ಲಿ ಒಂದು ಬಗೆಯವರಿಗೆ ಇದ್ದಕ್ಕಿದ್ದ ಹಾಗೆ ಕೇಳುವ ಶಬ್ದವೇ ಸಾಕು, ಅಲಾರಂ, ಫೋನ್ ರಿಂಗು, ರಾತ್ರಿ ಮಗು ಕಿರುಚುವುದು. ಅಲಾರಂ ತೆಗೆದುಬಿಡಿ. ರಾತ್ರಿ ಮಗು ಅತ್ತರೆ ಗಂಡನೋ ಅಮ್ಮನೋ ಮೊದಲು ಎದ್ದು, ಅವಳನ್ನು ಮೆಲ್ಲಗೆ ಎಬ್ಬಿಸಲಿ. ಮಾತ್ರೆ ಒಂದು ದಿನವೂ ತಪ್ಪಬಾರದು. ಮಗುವಿಗೂ ಇಸಿಜಿ ಮಾಡಿಸಿ, ಈ ತೊಂದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಕೊನೆ ತಿಂಗಳಿಂದ ಹಿಡಿದು ಹೆರಿಗೆಯಾಗಿ ಐದು ತಿಂಗಳ ತನಕ ಇನ್ನೊಂದು ಕಾಯಿಲೆ ಹೊಸದಾಗಿ ಬರಬಹುದು, ಎದೆಯ ಸ್ನಾಯುವೇ ಸೋತುಹೋಗುವುದು. ಮಲಗಿದರೆ ಕೆಮ್ಮು, ಕಾಲು ಊತ ಇಳಿಯುವ ಬದಲು ಏರುವುದು, ನಾಲ್ಕು ಹೆಜ್ಜೆಗೆ ಏದುಸಿರು, ಜೊತೆಗೆ ಎದೆ ಓಟ. ಬಾಣಂತಿ ಸುಸ್ತು ಅಂತ ಕಷಾಯ ಕುಡಿಸುತ್ತಾ ಕೂರಬೇಡಿ, ಎಕೋ ಮಾಡಿಸಿ.

ಮುಂದಿನ ಮಗುವಿಗೆ ಮೊದಲು

ಎಸ್‌ವಿಟಿ ಇರುವವರಿಗೆ ಒಂದು ಒಳ್ಳೆ ಸುದ್ದಿ. ತೊಡೆಸಂದಿಯ ರಕ್ತನಾಳದಿಂದ ವೈರು ಕಳಿಸಿ, ತಪ್ಪು ದಾರಿಯ ಆ ಚೂರು ಜಾಗವನ್ನು ಸುಟ್ಟುಬಿಡುತ್ತಾರೆ, ಅಬ್ಲೇಶನ್ ಅಂತ. ನೂರಕ್ಕೆ 90ಕ್ಕಿಂತ ಜಾಸ್ತಿ ಜನರಿಗೆ ಪೂರ್ತಿ ವಾಸಿ ಆಗುತ್ತದೆ. ಎದೆ ತೆರೆಯುವ ಆಪರೇಶನ್ ಅಲ್ಲ, ಒಂದೆರಡು ದಿನಕ್ಕೆ ಮನೆಗೆ. ಎರಡನೇ ಮಗು ಬೇಕು ಅನ್ನುವವರು ಅದಕ್ಕೆ ಮೊದಲೇ ಇದನ್ನು ಮುಗಿಸಿಕೊಂಡರೆ ಇಷ್ಟು ರಗಳೆ ಇರುವುದಿಲ್ಲ. ಬೆಂಗಳೂರು, ಮೈಸೂರು ಜಯದೇವದಲ್ಲಿ ಕೇಳಿ, ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು ಜೊತೆಗೆ ತೆಗೆದುಕೊಂಡು ಹೋಗಿ.

ಅರಸೀಕೆರೆಯ ಆ ಹುಡುಗಿಗೆ ಎಂಟನೇ ತಿಂಗಳಲ್ಲಿ ಮತ್ತೆ ಎದೆ ಓಡಿತು, ಸಂತೆ ದಿನ, ಆಸ್ಪತ್ರೆಯಿಂದ ಎರಡು ಬೀದಿ ದೂರದಲ್ಲಿ. ಈ ಸಲ ಗೆರೆ ಸಿಕ್ಕಿತು. ಮಾತ್ರೆ ಶುರುವಾಯಿತು, ಹೆರಿಗೆ ಮಾಮೂಲಾಗಿ ಆಯಿತು, ಹೆಣ್ಣು ಮಗು, ಎರಡು ಕೆಜಿ ಒಂಬೈನೂರು. ಹೋದ ತಿಂಗಳು ಅವನು ಫೋನ್ ಮಾಡಿದ್ದ. ಅಬ್ಲೇಶನ್‌ಗೆ ಡೇಟ್ ಸಿಕ್ಕಿದೆ, ಇಸಿಜಿ ಫೋಟೋ ಮೂರು ಜನರ ಮೊಬೈಲಿನಲ್ಲಿ ಇದೆ, ಡಿಸ್ಚಾರ್ಜ್ ಹಾಳೆಯನ್ನಾದರೂ ಲ್ಯಾಮಿನೇಶನ್ ಮಾಡಿಸಬಹುದಾ ಅಂತ ಕೇಳಿದ. ಅದು ಪ್ರಿಂಟರ್ ಹಾಳೆ, ಮಾಡಿಸಪ್ಪ ಅಂದೆ.